ಹಳೆಯ ಲಾರಿಗೆ ಬೇರೆ ಎಂಜಿನೋ, ಬಳಸಿದ ಬೇರೆ ಲಾರಿಯೋ?

ಕಬ್ಬು ಕಡಿಯುವ ಕಾಲವು ಸಮೀಪಿಸಿತೆಂದರೆ ಕಡ್ಡಿರಾಂಪುರ, ಕಮಲಾಪುರ, ಕಂಪ್ಲಿಗಳ ನೀರಾವರಿ ಸೀಮೆಯ ಭೂಮಾಲಿಕರ ಮನೆಗಳಲ್ಲಿ ಒಂದು ಪ್ರಶ್ನೆಯು ಏಳುವುದುಂಟು. ಅಂಗಳದಲ್ಲಿ ನಿಂತಿರುವ ಲಾರಿಯ ಎಂಜಿನು ಸವೆದುಹೋಗಿದೆ. ಅದನ್ನು ಇಳಿಸಿ ಬೇರೊಂದು ಡೀಸೆಲ್ ಎಂಜಿನನ್ನು ಕೂಡಿಸುವುದು ಲೇಸೋ, ಅಥವಾ ಲಾರಿಯನ್ನೇ ಮಾರಿ ಬಳಸಿದ ಇನ್ನೊಂದನ್ನು ಕೊಳ್ಳುವುದು ಲೇಸೋ? ಹಿರಿಯರು ಕೊಂಡ ಗಾಡಿಯೆಂಬ ಮಮತೆಯಿಂದ ಕೆಲವರು ಮೊದಲನೆಯದನ್ನು ಹಿಡಿಯುತ್ತಾರೆ. ಹೊಸ ಬಣ್ಣದ ಹೊಳಪಿಗೆ ಮರುಳಾಗಿ ಕೆಲವರು ಎರಡನೆಯದಕ್ಕೆ ಹೋಗುತ್ತಾರೆ. ಮಮತೆಯೂ ಹೊಳಪೂ ಸಾಲದ ಕಂತನ್ನು ಕಟ್ಟಲಾರವು. ಲೆಕ್ಕವು ಹೇಳಿದಂತೆ ನಡೆಯುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ಈ ಸೀಮೆಯಲ್ಲಿ ತಪ್ಪು ತೀರ್ಮಾನದ ನಷ್ಟವು ಬೇರೆಡೆಗಿಂತ ಹೆಚ್ಚಿನದು. ವಿಜಯನಗರದ ಅರಸರ ಕಾಲದ ಕಾಲುವೆಗಳ ನೀರಿನಲ್ಲಿ ಬೆಳೆಯುವ ಬಾಳೆಯಾಗಲಿ ಕಬ್ಬಾಗಲಿ ಗಾಡಿಗಾಗಿ ಕಾದು ಕೂರುವ ಬೆಳೆಗಳಲ್ಲ. ಕಡಿದ ಕಬ್ಬನ್ನು ಒಂದು ದಿನದೊಳಗಾಗಿ ಅರೆಯಿಸದೆಹೋದರೆ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಂದುತ್ತದೆ. ಹೊಸಪೇಟೆಯ ಸಕ್ಕರೆ ಕಾರ್ಖಾನೆಯು ಮುಚ್ಚಿದಂದಿನಿಂದ ಕಬ್ಬನ್ನು ದೂರಕ್ಕೆ ಸಾಗಿಸುವ ಹೊರೆಯು ರೈತನ ಮೇಲೆ ಬಿದ್ದಿತು. ದಾರಿಯ ನಡುವೆ ಲಾರಿಯು ನಿಂತರೆ ರಿಪೇರಿಯ ಖರ್ಚಿನೊಡನೆ ವರ್ಷದ ದುಡಿಮೆಯ ಒಂದು ಪಾಲೂ ರಸ್ತೆಯಲ್ಲಿಯೇ ಒಣಗುತ್ತದೆ.

ಎಂಜಿನು ಲಾರಿಯ ಎದೆಯಾದರೆ ಚಾಸಿಸು ಅದರ ಬೆನ್ನೆಲುಬು. ಎದೆಗೆ ಚಿಕಿತ್ಸೆಯುಂಟು, ಬೆನ್ನು ಮುರಿದ ಎತ್ತಿಗೆ ಎಷ್ಟು ಹಿಂಡಿ ತಿನ್ನಿಸಿದರೂ ನೊಗವನ್ನು ಹೊರಲಾರದು. ಆದುದರಿಂದ ಎಂಜಿನಿನ ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ ಈ ಚಾಸಿಸು ಇನ್ನೆಷ್ಟು ವರ್ಷ ಭಾರವನ್ನು ಹೊತ್ತೀತೆಂಬುದನ್ನು ನಿಶ್ಚಯಿಸತಕ್ಕದ್ದು. ಇಡೀ ತೀರ್ಮಾನವು ಈ ಒಂದು ಸಂಖ್ಯೆಯ ಮೇಲೆಯೇ ನಿಂತಿದೆ.

ಹೇಗೆಂದರೆ, ಒಬ್ಬ ಗೃಹಸ್ಥನ ಲೆಕ್ಕವನ್ನು ಊಹಿಸಿಕೊಳ್ಳೋಣ. ಬೇರೆ ಎಂಜಿನನ್ನು ಕೂಡಿಸಲು ಕೂಲಿ ಸಹಿತ 3 ಲಕ್ಷ ರೂಪಾಯಿ ಬೇಕೆಂದಿರಲಿ. ಲಾರಿಯನ್ನು ಇದ್ದಂತೆಯೇ ಮಾರಿದರೆ 2 ಲಕ್ಷವು ಬರುತ್ತಿತ್ತು. ಮಾರದೆ ಉಳಿಸಿಕೊಂಡನಾದ್ದರಿಂದ ಅದೂ ಹೂಡಿದ ಹಣವೇ ಸರಿ. ಬಹುಮಂದಿ ಈ 2 ಲಕ್ಷವನ್ನು ಮರೆತೇಬಿಡುತ್ತಾರೆ. ಹೀಗೆ ಹೂಡಿಕೆಯು 5 ಲಕ್ಷವಾಯಿತು. ಚಾಸಿಸು ನಾಲ್ಕು ವರ್ಷ ಬಾಳಿ ಕೊನೆಗೆ 1 ಲಕ್ಷಕ್ಕೆ ಮಾರಾಟವಾದರೆ, ವರ್ಷಕ್ಕೆ ಸವೆತವು 1,00,000. ನೂರಕ್ಕೆ ಹತ್ತರಂತೆ ಬಡ್ಡಿಯು 50,000. ಒಟ್ಟು 1,50,000 ರೂಪಾಯಿ. ಇತ್ತ ಬಳಸಿದ ಲಾರಿಯೊಂದು 9 ಲಕ್ಷಕ್ಕೆ ದೊರೆತು, ಎಂಟು ವರ್ಷ ದುಡಿದು, ಕೊನೆಗೆ ಎರಡೂವರೆ ಲಕ್ಷವನ್ನು ತಂದರೆ, ವರ್ಷಕ್ಕೆ ಸವೆತವು 81,250; ಬಡ್ಡಿಯು 90,000; ಒಟ್ಟು 1,71,250 ರೂಪಾಯಿ.

ಎಂಜಿನು ಕೂಡಿಸುವುದೇ ಲಾಭವೆಂದು ಇಲ್ಲಿ ತೋರುತ್ತದೆ. ಆದರೆ ಚಾಸಿಸಿನ ಆಯುಷ್ಯವನ್ನು ಮಾತ್ರ ಬದಲಾಯಿಸಿ ನೋಡಿರಿ. ಅದು ಏಳು ವರ್ಷ ಬಾಳಿದರೆ ವರ್ಷದ ಖರ್ಚು ಸುಮಾರು 1,07,000ಕ್ಕೆ ಇಳಿಯುತ್ತದೆ. ಎರಡೇ ವರ್ಷ ಬಾಳಿದರೆ 2,50,000ಕ್ಕೆ ಏರುತ್ತದೆ. ಈ ಅಂಕಿಗಳಂತೆ ಚಾಸಿಸು ಸುಮಾರು ಮೂರು ವರ್ಷ ನಾಲ್ಕು ತಿಂಗಳಿಗಿಂತ ಕಡಮೆ ಬಾಳುವುದಾದರೆ ಬೇರೆ ಲಾರಿಯೇ ಮೇಲು. ಪ್ರತಿಯೊಬ್ಬನೂ ತನ್ನ ಊರಿನ ಬೆಲೆಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡತಕ್ಕದ್ದು. ವಿಮೆ, ತೆರಿಗೆ, ಚಾಲಕನ ಸಂಬಳಗಳು ಎರಡಕ್ಕೂ ಇರುವುದರಿಂದ ಅವನ್ನು ಇಲ್ಲಿ ಬಿಟ್ಟಿದೆ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮೇಲಿನ 1,50,000 ರೂಪಾಯಿಯು ವರ್ಷದಲ್ಲಿ 120 ದಿನ ಓಡುವ ಲಾರಿಗೆ ದಿನಕ್ಕೆ 1,250 ಆಗುತ್ತದೆ. 40 ದಿನ ಮಾತ್ರ ಓಡಿ ಉಳಿದ ಕಾಲವೆಲ್ಲಾ ಬೇವಿನ ಮರದಡಿ ನಿಂತಿರುವ ಲಾರಿಗೆ 3,750 ಆಗುತ್ತದೆ. ಅಂಥವನಿಗೆ ಎರಡು ದಾರಿಗಳೂ ಬೇಡ; ಬಾಡಿಗೆಯ ಗಾಡಿಯೇ ಸಾಕು. ಲಾರಿಯು ಮನೆತನದ ಗೌರವಕ್ಕೆ ಕುರುಹೆಂಬ ಭಾವನೆಯು ನಮ್ಮಲ್ಲಿ ಅನೇಕರನ್ನು ಸಾಲಕ್ಕೆ ಗುರಿಮಾಡಿದೆ.

ಚಾಸಿಸನ್ನು ಪರೀಕ್ಷಿಸುವುದು ಕಷ್ಟವಲ್ಲ. ಲಾರಿಯನ್ನು ತೊಳೆಯಿಸಿ, ಬರಿದು ಮಾಡಿ, ಸಮನಾದ ನೆಲದಲ್ಲಿ ನಿಲ್ಲಿಸಿ, ಉದ್ದದ ಎರಡು ತೊಲೆಗಳನ್ನು ಮೊದಲಿನಿಂದ ಕೊನೆಯವರೆಗೆ ದೀಪ ಹಿಡಿದು ನೋಡಬೇಕು. ಸ್ಪ್ರಿಂಗುಗಳನ್ನು ತೂಗಹಾಕಿರುವ ಸ್ಥಳಗಳಲ್ಲಿಯೂ ಅಡ್ಡ ತೊಲೆಗಳು ಸೇರುವ ಸಂದುಗಳಲ್ಲಿಯೂ ಸೀಳು, ವೆಲ್ಡಿಂಗಿನ ತೇಪೆ, ಸಡಿಲವಾದ ರಿವೆಟ್ಟುಗಳಿವೆಯೇ ಎಂದು ಗಮನಿಸತಕ್ಕದ್ದು. ಇವು ಹೆಚ್ಚಾಗಿ ಕಂಡರೆ ಎಂಜಿನಿನ ಮಾತನ್ನು ಅಲ್ಲಿಗೇ ಬಿಡುವುದು ಕ್ಷೇಮ.

ಚಾಸಿಸು ಗಟ್ಟಿಯಾಗಿದ್ದರೂ ಕೂಡಲೇ ಬೇರೆ ಎಂಜಿನಿಗೆ ಹೋಗಬಾರದು. ನೀಲಿ ಹೊಗೆಯು ಎಣ್ಣೆಯು ಉರಿಯುತ್ತಿರುವುದರ ಗುರುತು. ಕರಿಯ ಹೊಗೆಯು ಗಾಳಿ ಸಾಲದೆ ಡೀಸೆಲ್ ಹೆಚ್ಚಾದುದರ ಗುರುತು. ಕರಿಯ ಹೊಗೆಗೆ ಅನೇಕ ವೇಳೆ ಗಾಳಿಯ ಫಿಲ್ಟರನ್ನೂ ಇಂಜೆಕ್ಟರುಗಳನ್ನೂ ಸರಿಪಡಿಸಿದರೆ ಸಾಕು. ನೀಲಿ ಹೊಗೆಗೆ ಲೈನರು, ಪಿಸ್ಟನ್, ರಿಂಗುಗಳನ್ನು ಬದಲಾಯಿಸಿ ಅದೇ ಎಂಜಿನನ್ನು ಪುನಃ ಕಟ್ಟುವ ಮಾರ್ಗವಿದೆ. ಹೀಗೆ ಮಾಡಿದರೆ ಎಂಜಿನಿನ ನಂಬರೂ ಬದಲಾಗದು, ಗೇರುಪೆಟ್ಟಿಗೆಯೊಡನೆ ಜಗಳವೂ ಇರದು. ಬ್ಲಾಕು ಒಡೆದಾಗ, ಅಥವಾ ಕ್ರ್ಯಾಂಕು ತಿದ್ದಲಾರದಷ್ಟು ಸವೆದಾಗ ಮಾತ್ರವೇ ಬೇರೆ ಎಂಜಿನು ಬೇಕು.

ಹಾಗೆ ಬೇಕಾದಾಗಲೂ ಅದೇ ತಯಾರಕರ, ಅದೇ ಮಾದರಿಯ ಎಂಜಿನನ್ನೇ ಹುಡುಕತಕ್ಕದ್ದು. ಬೇರೆ ಜಾತಿಯದನ್ನು ತಂದರೆ ಕ್ಲಚ್ಚು, ರೇಡಿಯೇಟರು, ಕೂರಿಸುವ ಆಧಾರಗಳು, ಬ್ರೇಕಿಗೆ ಗಾಳಿಯನ್ನು ಒದಗಿಸುವ ಕಂಪ್ರೆಸರು, ಎಲ್ಲವೂ ಒಂದೊಂದಾಗಿ ಹೊಂದಾಣಿಕೆಯನ್ನು ಬೇಡುತ್ತವೆ. ಮೂರು ಲಕ್ಷದ ಕೆಲಸವು ಐದಕ್ಕೆ ಏರುವುದು ಹೀಗೆಯೇ. ದೇಶದಲ್ಲೆಲ್ಲಾ 2017ರ ಏಪ್ರಿಲ್ 1ರಿಂದ ಬಿ.ಎಸ್. 4, 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಹೊಗೆ ನಿಯಮಗಳು ಜಾರಿಗೆ ಬಂದವು. ಆ ಬಗೆಯ ಎಂಜಿನುಗಳು ವಿದ್ಯುನ್ಮಾನ ನಿಯಂತ್ರಣದವಾದ್ದರಿಂದ ಹಳೆಯ ಲಾರಿಯಲ್ಲಿ ಸುಲಭವಾಗಿ ಕೂಡವು. ಇದಲ್ಲದೆ 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಯಾರಕರು ನಿರ್ದೇಶಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಎಂಜಿನಿನ ನಂಬರು ನೋಂದಣಿ ಪತ್ರದಲ್ಲಿರುವುದರಿಂದ ಕೆಲಸಕ್ಕೆ ಕೈಹಾಕುವ ಮುಂಚೆಯೇ ಸಾರಿಗೆ ಕಚೇರಿಯ ಒಪ್ಪಿಗೆಯನ್ನು ಪಡೆಯಬೇಕು. ರಸೀದಿಯಿಲ್ಲದ ಎಂಜಿನನ್ನು ಎಷ್ಟು ಅಗ್ಗವಾದರೂ ಮುಟ್ಟಬಾರದು. ಅದು ಕದ್ದ ಗಾಡಿಯದಾಗಿರಲೂಬಹುದು.

ಬಳಸಿದ ಲಾರಿಯನ್ನು ಕೊಳ್ಳುವವರಿಗೆ ನಮ್ಮ ಸೀಮೆಯದೇ ಆದ ಒಂದು ಎಚ್ಚರಿಕೆಯುಂಟು. ಸಂಡೂರಿನ ಗುಡ್ಡಗಳಿಂದ ಅದಿರನ್ನು ಹೊರುತ್ತಿದ್ದ ಲಾರಿಗಳ ಭರಾಟೆಯನ್ನು ಯಾರೂ ಮರೆತಿಲ್ಲ. 2011ನೆಯ ಇಸವಿ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅನೇಕ ಲಾರಿಗಳು ಕೆಲಸವಿಲ್ಲದೆ ನಿಂತವು. ಕಂತು ಕಟ್ಟಲಾರದೆ ನೊಂದ ಮನೆಗಳೂ ಉಂಟು. ಅದಿರು ಕಬ್ಬಿಗಿಂತ ಬಹು ಭಾರವಾದ ಸರಕು. ಮಿತಿಮೀರಿ ಅದನ್ನು ಹೊತ್ತ ಚಾಸಿಸಿನ ಆಯಾಸವು ಹೊಸ ಬಣ್ಣದ ಕೆಳಗೆ ಕಾಣದು. ಕೊಳ್ಳುವ ಲಾರಿಯು ಹಿಂದೆ ಏನನ್ನು ಹೊರುತ್ತಿತ್ತೆಂದು ಕೇಳಿರಿ. ಮರದ ಹಲಗೆಗಳ ಸಂದಿನಲ್ಲಿಯೂ ತೊಲೆಗಳ ಒಳಮೈಯಲ್ಲಿಯೂ ಅಂಟಿದ ಕೆಂಪು ಧೂಳು ಮಾರುವವನ ಬಾಯಿಗಿಂತ ನಿಜವನ್ನು ನುಡಿಯುತ್ತದೆ.

ಕಾಗದಪತ್ರಗಳಲ್ಲಿ ಚಾಸಿಸಿನ ಮತ್ತು ಎಂಜಿನಿನ ನಂಬರುಗಳು ಗಾಡಿಯ ಮೇಲಿನವುಗಳೊಡನೆ ಕೂಡಬೇಕು. ಹಿಂದಿನ ಸಾಲವು ತೀರಿ, ಅಡಮಾನದ ನಮೂದು ನೋಂದಣಿಯಿಂದ ತೆಗೆಯಲ್ಪಟ್ಟಿರಬೇಕು. ಕೊಂಡ 30 ದಿನಗಳೊಳಗಾಗಿ ಹೆಸರಿನ ಬದಲಾವಣೆಗೆ ತಿಳಿಸಬೇಕು. ಇದು ಮಾರುವವನ ಹಿತವೂ ಹೌದು; ನೋಂದಣಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆಯು ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿದೆ. ಎಂಟು ವರ್ಷವನ್ನು ಮೀರಿದ ಸಾಗಣೆಯ ಗಾಡಿಗೆ ವರ್ಷವರ್ಷವೂ ಯೋಗ್ಯತಾಪತ್ರವು ಬೇಕಾಗುತ್ತದೆ; ಹದಿನೈದು ವರ್ಷವನ್ನು ಮೀರಿದವುಗಳ ಶುಲ್ಕವನ್ನು 2022ರಿಂದ ಬಹಳವಾಗಿ ಏರಿಸಲಾಗಿದೆ. ಈ ಶುಲ್ಕವನ್ನು ಹಳೆಯ ಲಾರಿಗೆ ಎಂಜಿನು ಕೂಡಿಸುವವರೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯದಾಗಿ, ಊರಿನ ಮುಖಂಡರಲ್ಲಿ ಒಂದು ವಿಜ್ಞಾಪನೆ. ಒಂದೊಂದು ಮನೆಯೂ ಒಂದೊಂದು ಹಳೆಯ ಲಾರಿಯನ್ನು ಸಾಕುವುದಕ್ಕಿಂತ, ಒಂದೇ ಕಾಲುವೆಯ ನಾಲ್ಕಾರು ಹಿಡುವಳಿದಾರರು ಕಡಿಯುವ ದಿನಗಳನ್ನು ಮುಂದಾಗಿ ಗೊತ್ತುಮಾಡಿಕೊಂಡು ಒಂದು ಗಟ್ಟಿಯಾದ ಲಾರಿಯನ್ನು ಹಂಚಿಕೊಂಡು ನಡೆಸುವುದು ಲಾಭಕರವು. ಕಾಲುವೆಯ ನೀರಿಗೆ ಸರದಿಯನ್ನು ಕಟ್ಟಿಕೊಂಡು ಬಾಳಿದ ಜನರಿಗೆ ಗಾಡಿಯ ಸರದಿಯು ಅಸಾಧ್ಯವಲ್ಲ. ನಿಮ್ಮ ಬಳಿಗೆ ಸಲಹೆಗಾಗಿ ಬರುವವನಿಗೆ ಎಂಜಿನಿನ ಬೆಲೆಯನ್ನು ಹೇಳುವುದಕ್ಕೆ ಮುಂಚೆ ಎರಡು ಪ್ರಶ್ನೆಗಳನ್ನು ಕೇಳಿರಿ: ಚಾಸಿಸು ಇನ್ನೆಷ್ಟು ವರ್ಷ ಬಾಳೀತು? ಲಾರಿಯು ವರ್ಷಕ್ಕೆ ಎಷ್ಟು ದಿನ ಓಡೀತು? ಇವೆರಡಕ್ಕೂ ನಿಜವಾದ ಉತ್ತರವನ್ನು ಬರೆದಿಟ್ಟುಕೊಂಡವನು ಮೂರನೆಯ ಪ್ರಶ್ನೆಗೆ ತಾನೇ ಉತ್ತರವನ್ನು ಕಂಡುಕೊಳ್ಳುವನು.