ಓದಿ ನೋಡದ ಪ್ರತಿ ಪ್ರತಿಯಲ್ಲ

'ಕಡತಗಳ ಪ್ರತಿ ತೆಗೆದಿಟ್ಟಿದ್ದೇನೆ' ಎಂದು ಗಣಕಯಂತ್ರ ಬಳಸುವವರು ನೆಮ್ಮದಿಯಿಂದ ಹೇಳುವುದುಂಟು. ಅದನ್ನು ಮರಳಿ ಓದಿ ನೋಡಿದವರು ಮಾತ್ರ ವಿರಳ.

ತಂತ್ರಾಂಶ ರಚಿಸುವ ನಾನೂ ಇದಕ್ಕೆ ಹೊರತಾಗಿರಲಿಲ್ಲ. ದಿನವೂ ರಾತ್ರಿ ನನ್ನ ಕಡತಗಳು ಕಾಂತಸುರುಳಿಯ ಮೇಲೆ ದಾಖಲಾಗುತ್ತಿದ್ದವು. ಒಮ್ಮೆ ಗಣಕವೂ ಸುರುಳಿಯಂತ್ರವೂ ಒಟ್ಟಿಗೆ ಕೆಟ್ಟವು. ಹೊಸ ಯಂತ್ರವು ಹಳೆಯ ಸುರುಳಿಗಳಲ್ಲಿ ಒಂದನ್ನೂ ಓದಲಿಲ್ಲ! ಹಳೆಯದರ ಕಾಂತಶಿರವು ಕೂದಲೆಳೆಯಷ್ಟು ಓರೆಯಾಗಿತ್ತು. ತಾನು ಓರೆಯಾಗಿ ಬರೆದುದನ್ನು ಅದೇ ಓರೆಯಿಂದ ತಾನು ಓದಬಲ್ಲುದಾಗಿತ್ತು. ನೆಟ್ಟಗಿದ್ದ ಬೇರೊಂದು ಶಿರಕ್ಕೆ ಆ ಬರಹ ದಕ್ಕಲಿಲ್ಲ. ತಿಂಗಳುಗಳ ಶ್ರಮ ಮಣ್ಣುಪಾಲಾಯಿತು.

ದೊಡ್ಡವರೂ ಹೀಗೆ ಎಡವಿರುವುದುಂಟು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ, ತಪ್ಪಾಗಿ ಕೊಟ್ಟ ಒಂದು ಆಜ್ಞೆಯಿಂದ 'ಟಾಯ್ ಸ್ಟೋರಿ 2' ಚಿತ್ರದ ಬಹುಭಾಗ ಅಳಿಸಿಹೋಯಿತು. ಪ್ರತಿ ತೆಗೆಯುವ ವ್ಯವಸ್ಥೆಯೂ ಕೆಲಕಾಲದಿಂದ ಕೆಟ್ಟಿತ್ತೆಂಬುದು ಆಗಲೇ ಬೆಳಕಿಗೆ ಬಂದಿತು. ಎಳೆಯ ಮಗುವಿನ ಸಲುವಾಗಿ ಮನೆಯಲ್ಲೇ ದುಡಿಯುತ್ತಿದ್ದ ಗ್ಯಾಲಿನ್ ಸುಸ್ಮನ್ ಎಂಬಾಕೆಯ ಗಣಕದಲ್ಲಿದ್ದ ಪ್ರತಿಯು ಚಿತ್ರವನ್ನು ಉಳಿಸಿತು. ಆ ಪ್ರತಿ ಬೇರೊಂದು ಸ್ಥಳದಲ್ಲಿತ್ತು ಎಂಬುದನ್ನು ಗಮನಿಸಬೇಕು.

ಪ್ರಯೋಗದಿಂದ ಪರೀಕ್ಷಿಸದ ಊಹೆಯನ್ನು ವಿಜ್ಞಾನವು ಒಪ್ಪುವುದಿಲ್ಲ. ಪ್ರತಿ ಇದೆಯೆಂಬುದೂ ಒಂದು ಊಹೆಯೇ ಸರಿ. ಇಂದು ಸುರುಳಿಯ ಬದಲು ಪೆನ್‌ಡ್ರೈವ್ ಇರಬಹುದು, ದೂರದ ಸರ್ವರ್ ಇರಬಹುದು, ನಿಯಮ ಬದಲಾಗಿಲ್ಲ. ವಿದ್ಯಾರ್ಥಿಗಳು ತಿಂಗಳಿಗೊಮ್ಮೆಯಾದರೂ ತಮ್ಮ ಪ್ರತಿಯಿಂದ ಒಂದು ಕಡತವನ್ನು ಬೇರೊಂದು ಗಣಕದಲ್ಲಿ ತೆರೆದು ನೋಡಲಿ. ಐದು ನಿಮಿಷದ ಈ ಪರೀಕ್ಷೆಯಲ್ಲಿ ಸೋತರೆ ನಷ್ಟವಿಲ್ಲ. ಡಿಸ್ಕ್ ಕೆಟ್ಟ ದಿನ ಸೋತರೆ ಉಳಿಯುವುದೇನೂ ಇಲ್ಲ.