ಮಾತಿಲ್ಲದ ಸಿಟ್ಟು

‘ಕಿಲ್ ಬಿಲ್’ (2003) ನೋಡಿ ಮೆಚ್ಚಿದವರು ಮೇಕೊ ಕಾಜಿಯ ‘ಲೇಡಿ ಸ್ನೋಬ್ಲಡ್’ (1973) ನೋಡಬೇಕು. ಹಿಮದಲ್ಲಿ ನಡೆಯುವ ಆ ಕತ್ತಿ ಕಾಳಗಕ್ಕೆ ಸ್ಫೂರ್ತಿ ಅದೇ. ಕಾಳಗದ ಬೆನ್ನಿಗೇ ಕೇಳುವ ಹಾಡೂ ಅದರದೇ, ಹಾಡಿದ್ದು ಸ್ವತಃ ಕಾಜಿ.

ಆದರೆ ನನಗೆ ಹೆಚ್ಚು ಕಾಡಿದ್ದು 1972ರ ‘ಫೀಮೇಲ್ ಪ್ರಿಸನರ್ ಸ್ಕಾರ್ಪಿಯನ್’. ಪ್ರೀತಿಸಿದ ಪೊಲೀಸನಿಂದಲೇ ಮೋಸಹೋಗಿ ಜೈಲು ಸೇರಿದವಳ ಕಥೆ. ಮೂಲ ಚಿತ್ರಕಥಾ ಪುಸ್ತಕದಲ್ಲಿ ಆಕೆಯ ಬಾಯಿ ತುಂಬ ಬೈಗುಳ. ಕಾಜಿ ಅದನ್ನು ಒಪ್ಪಲಿಲ್ಲ. ಪಾತ್ರ ಹೆಚ್ಚುಕಡಿಮೆ ಮೂಕವಾಯಿತು, ಕಣ್ಣು ಮಾತಾಡಿತು.

ಹೆಣ್ಣಿನ ಮೈ ತೋರಿಸಿ ಟಿಕೆಟ್ ಮಾರುವ ಸಿನಿಮಾ ಅದು, ನಿಜ. ಆದರೂ ಆ ನೋಟದೆದುರು ತಲೆ ತಗ್ಗಿಸಬೇಕಾದವನು ನೋಡುಗನೇ. ಪಂಚ್ ಡೈಲಾಗ್ ಇಲ್ಲದೆ ಆ್ಯಕ್ಷನ್ ಇಲ್ಲ ಅನ್ನುವವರು ಒಮ್ಮೆ ನೋಡಲಿ.