ವಿಲಿಯಂ ಕ್ರೀಕಿನ ಪಬ್ಬು ಮತ್ತು ನೆಲದಡಿಯ ನೀರು

ದಕ್ಷಿಣ ಆಸ್ಟ್ರೇಲಿಯದ ಮರುಭೂಮಿಯಲ್ಲಿರುವ ವಿಲಿಯಂ ಕ್ರೀಕನ್ನು ಊರೆನ್ನಲು ಸಂಕೋಚವಾಗುತ್ತದೆ. ಬೆರಳೆಣಿಕೆಯ ನಿವಾಸಿಗಳು, ಸುತ್ತಲೂ ಕೆಂಪು ಬಯಲು, ನಡುವೆ 1887ರ ಪಬ್ಬು. ಅದರ ಒಳಗೋಡೆಗಳ ತುಂಬ ಪ್ರಯಾಣಿಕರು ಅಂಟಿಸಿಹೋದ ಚೀಟಿಗಳು. ಬಂದವರೆಲ್ಲ ಅದನ್ನೇ ನೋಡುತ್ತಾರೆ; ನನ್ನನ್ನು ಕಾಡಿದ್ದು ನೀರಿನ ಪ್ರಶ್ನೆ.

ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ಇಲ್ಲಿ ಜನಜೀವನ ಸಾಧ್ಯವಾದದ್ದು ಗ್ರೇಟ್ ಆರ್ಟೀಸಿಯನ್ ಬೇಸಿನ್ನಿನಿಂದ. ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹಬ್ಬಿರುವ ಈ ಅಂತರ್ಜಲ ಒತ್ತಡದಿಂದ ತಾನಾಗಿ ಮೇಲೇರಿ ಒರತೆಯಾಗುತ್ತದೆ. ಅರಬಾನ ಮೂಲನಿವಾಸಿಗಳು ಆ ಒರತೆಗಳನ್ನು ಹಿಡಿದೇ ನಡೆದರು. 1872ರ ತಂತಿಮಾರ್ಗವೂ ಆಮೇಲಿನ ರೈಲೂ ಅದೇ ಜಾಡನ್ನು ಹಿಡಿದವು. 1980ರಲ್ಲಿ ರೈಲು ದೂರದ ಹೊಸ ಹಳಿಗೆ ಸರಿಯಿತು, ಪಬ್ಬು ಉಳಿಯಿತು.

1878ರಿಂದ ಕೊಳವೆಬಾವಿಗಳು ಬಂದವು. ದನಗಳಿಗೆಂದು ತೆರೆದ ಕಾಲುವೆಯಲ್ಲಿ ಹಗಲಿರುಳು ಹರಿಯಬಿಟ್ಟ ನೀರಿನಲ್ಲಿ ಬಹುಪಾಲು ಆವಿಯಾಯಿತು ಇಲ್ಲವೇ ಇಂಗಿತು. ಒತ್ತಡ ಕುಸಿದು ಅನೇಕ ಒರತೆಗಳು ಬತ್ತಿದವು. (ನಮ್ಮ ಗುಡ್ಡಗಳಲ್ಲಿ ಅಡಿಕೆತೋಟಕ್ಕೆಂದು ಕೊರೆದ ಬಾವಿಗಳ ನೆನಪು ನನಗೆ ಬಾರದಿರಲಿಲ್ಲ.) 1999ರಿಂದ ಸರ್ಕಾರ ಮತ್ತು ದನಗಾಹಿ ಒಡೆಯರು ಖರ್ಚು ಹಂಚಿಕೊಂಡು ಬಾವಿಗಳಿಗೆ ಕವಾಟ ಹಾಕಿದರು, ಕಾಲುವೆಯ ಬದಲು ಪೈಪು ಎಳೆದರು. ಕೆಲವೆಡೆ ಒತ್ತಡ ಮರಳಿತು. ಇದು ಮೆಚ್ಚಬೇಕಾದ ಕೆಲಸ.

ಆದರೆ ಇದೇ ಜಲರಾಶಿಯಿಂದ ಒಲಿಂಪಿಕ್ ಡ್ಯಾಂ ಗಣಿ 1980ರ ದಶಕದಿಂದಲೂ ನೀರೆತ್ತುತ್ತಿದೆ. ದನದ ತೊಟ್ಟಿಗೆ ಕವಾಟ ಹಾಕಿಸಿದವರು ತಾಮ್ರ, ಯುರೇನಿಯಂ ಗಣಿಗೆ ಬೇರೆ ಲೆಕ್ಕ ಇಡುವುದನ್ನು ನಾನು ಒಪ್ಪಲಾರೆ.